ತೊಟ್ಟಿಲ ಕೆಳಗಿನ ನೆಲ

ನನ್ನ ಗಂಡನ ಗಣಾರಾಧನೆ ಮುಗಿಯಿತು. ಕೊನೆಯ ನೆಂಟರೂ ಬಸ್ಸು ಹತ್ತಿದರು. ಮರುದಿನ ಬೆಳಿಗ್ಗೆ ಅತ್ತೆ ನನ್ನೊಡನೆ ಆಡಿದ ಮೊದಲ ಮಾತು ಕೀಲಿಯದು.

“ಕೋಣೆ ಕೀಲಿ ಎಲ್ಲೈತೆ ನೋಡಿದ್ಯೇನೇ?”

ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಅಷ್ಟು ದಿನ ಅಡಿಗೆಯನ್ನು ಬೇರೆಯವರು ನೋಡಿಕೊಂಡಿದ್ದರು. ನಾದುವಾಗ ಹಿಟ್ಟು ಬಳೆಗಳಿಗೆ ಮೆತ್ತಿಕೊಳ್ಳುವುದು, ಆಮೇಲೆ ಒಂದೊಂದನ್ನೇ ಉಜ್ಜಿ ತೊಳೆಯುವುದು ನನಗೆ ರೂಢಿ. ಆ ದಿನ ತೊಳೆಯಲು ಏನೂ ಇರಲಿಲ್ಲ.

“ಇಲ್ಲ ಅತ್ತೆ,” ಎಂದೆ.

ಕೀಲಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು.

“ಅವನ ಅಂಗಿ ಜೇಬು ನೋಡ್ದೆ, ಪೆಟ್ಟಿಗೆ ನೋಡ್ದೆ. ಎಲ್ಲಿ ಮಡಗಿ ಹೋಗ್ಬುಟ್ಟನೋ. ಮಂಗಳನ್ನ ಕರ್ಕಂಡು ಬರೋ ಹೊತ್ತಾಯ್ತು. ಬೀಗ ಒಡಿಯಾನ ಅಂದ್ರೆ, ಸಾವಾದ ಮನೇಲಿ ಬೀಗ ಒಡೀಬಾರ್ದು.”

ಮಂಗಳ ನನ್ನ ನಾದಿನಿ. ಯಸಳೂರಿಗೆ ಕೊಟ್ಟವಳು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾಗಿತ್ತು. ಅವಳಿಗೆಂದೇ ನನ್ನ ಗಂಡ ಪಾಲಾಕ್ಷ ಹಿತ್ತಲ ಕಡೆಗೆ ಒಂದು ಬಾಣಂತಿ ಕೋಣೆ ಕಟ್ಟಿಸಿದ್ದರು. ಸಣ್ಣ ಕೋಣೆ, ಒಂದೇ ಕಿಟಕಿ. ತಾಯಿಗೂ ಕೂಸಿಗೂ ಗಾಳಿ ತಾಕಬಾರದೆಂದು ನಮ್ಮ ಕಡೆ ಆ ಒಂದು ಕಿಟಕಿಗೂ ಬಟ್ಟೆ ತುರುಕುತ್ತಾರೆ. ಬಾಗಿಲು ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ತಿಂಗಳುಗಟ್ಟಲೆ ಇಬ್ಬರನ್ನೂ ಒಳಗೇ ಇಡುತ್ತಾರೆ. ಈ ಕೋಣೆಯ ನೆಲ, ಗೋಡೆ ಎಲ್ಲವೂ ಗಸಿಯವು.

ಗಸಿ ಎಂದರೆ ಏನೆಂದು ಹೇಳಬೇಕು.

ಕುಂದೂರಿನಾಚೆ ಗುಡ್ಡದ ಮಗ್ಗುಲಲ್ಲಿ ನಮ್ಮ ಮಣ್ಣಿನ ಕಾರ್ಖಾನೆ. ಅಲ್ಲಿ ಬಿಳಿ ಮಣ್ಣು ಸಿಗುತ್ತದೆ. ಅಗೆದು, ನೀರಿನಲ್ಲಿ ಕದಡಿ, ತೊಟ್ಟಿಯಿಂದ ತೊಟ್ಟಿಗೆ ಹರಿಸಿದರೆ ಹಾಲಿನಂಥ ನೀರು ಮುಂದೆ ಹೋಗುತ್ತದೆ. ಅದು ತಂಗಿ ಒಣಗಿದರೆ ಪಿಂಗಾಣಿ ಮಾಡುವವರಿಗೆ ಬೇಕಾದ ಮಣ್ಣು. ಭಾರವಾದದ್ದು ಮೊದಲ ತೊಟ್ಟಿಯ ತಳದಲ್ಲೇ ನಿಲ್ಲುತ್ತದೆ. ಕಂದು ಬಣ್ಣದ, ಬಿಸಿಲಿಗೆ ಹಿಡಿದರೆ ಜೇನಿನಂತೆ ಹೊಳೆಯುವ ಮರಳು. ಅದೇ ಗಸಿ. ಅದನ್ನು ಕೊಳ್ಳುವವರಿಲ್ಲ. ಆಗ ಸಿಮೆಂಟಿಗೆ ಪರ್ಮಿಟ್ ಬೇಕಾಗಿತ್ತು. ಗಸಿಗೆ ಸುಣ್ಣ ಬೆರೆಸಿ ಹಾಸಿ, ದಮ್ಮಸ್ಸು ಮಾಡಿ, ಕಲ್ಲಿನಿಂದ ಉಜ್ಜಿದರೆ ನೆಲ ಕನ್ನಡಿಯಾಗುತ್ತಿತ್ತು. ಗೆದ್ದಲು ಹತ್ತುತ್ತಿರಲಿಲ್ಲ. ಇದನ್ನು ಕಂಡುಕೊಂಡವರು ನನ್ನ ಗಂಡ. ಕೇಳಿದವರಿಗೆಲ್ಲ ಕೊಟ್ಟರು. ಗಾಡಿ ತಂದು ತುಂಬಿಕೊಂಡು ಹೋಗಿ ಎನ್ನುತ್ತಿದ್ದರು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವಳು. ಮದುವೆಯಾದ ಮೇಲೆ ಅದು ಯಾವುದಕ್ಕೂ ಬೇಕಾಗಿರಲಿಲ್ಲ.

ನನ್ನ ಗಂಡನ ಬಳಿ ಒಂದು ಡಬ್ಬಿ ಕ್ಯಾಮೆರಾ ಇತ್ತು. ಗೌರಿ ಹಬ್ಬಕ್ಕೆ ತೆಗೆದ ಫಿಲ್ಮನ್ನು ಹೊಸ ಕೋಣೆಯ ಗೂಡಿನಲ್ಲಿಟ್ಟು ಮರೆತರು. ದೀಪಾವಳಿ ಕಳೆದು ತೊಳೆಸಿದಾಗ ಒಂದು ಚಿತ್ರವೂ ಬರಲಿಲ್ಲ. ಎಲ್ಲ ಮಂಜು. ಶೀತ ಹಿಡಿದಿದೆ ಎಂದು ಸ್ಟುಡಿಯೋದವನು ಹೇಳಿದ. ಅಟ್ಟದ ಮೇಲೆ ಅದೇ ಶೀತದಲ್ಲಿದ್ದ ಇನ್ನೊಂದು ಫಿಲ್ಮು ಚೆನ್ನಾಗಿ ಬಂದಿತ್ತು.

ನನಗೆ ಪೆಟ್ರೋಮ್ಯಾಕ್ಸಿನ ಮ್ಯಾಂಟಲ್ ನೆನಪಾಯಿತು. ಅದರಲ್ಲಿ ಥೋರಿಯಂ ಇರುತ್ತದೆ. ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಪ್ಲೇಟಿನ ಮೇಲೆ ಮ್ಯಾಂಟಲನ್ನು ಕೆಲವು ವಾರ ಬಿಟ್ಟರೆ, ಬೆಳಕೇ ಇಲ್ಲದೆ ಅದರ ಹೆಣಿಗೆಯ ಗುರುತು ಪ್ಲೇಟಿನ ಮೇಲೆ ಮೂಡುತ್ತದೆ. ಕಾಲೇಜಿನಲ್ಲಿ ನಮಗೆ ತೋರಿಸಿದ್ದರು. ಥೋರಿಯಂ ಇರುವ ಮರಳು ಕಂದು ಬಣ್ಣದ್ದು, ಭಾರವಾದದ್ದು. ಗುಡ್ಡದಲ್ಲಿ ಎಲ್ಲೆಲ್ಲೋ ಚೆದುರಿಕೊಂಡಿದ್ದದ್ದನ್ನು ನಾವು ತೊಳೆದು ತೊಳೆದು ಒಂದೆಡೆ ಕೂಡಿಸಿ ಮನೆಯೊಳಗೆ ತಂದಿದ್ದೆವು.

ಅದು ಸುಮ್ಮನೆ ಕೂರುವ ವಸ್ತುವಲ್ಲ. ಕಣ್ಣಿಗೆ ಕಾಣದ ಕಿರಣ ಬಿಡುತ್ತದೆ. ಒಂದು ಬಗೆಯ ಅನಿಲವನ್ನೂ ಬಿಡುತ್ತದೆ. ಗಾಳಿಯಾಡುವ ಕಡೆ ಆ ಅನಿಲ ಚೆದುರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದೆ, ಉಸಿರಿನೊಡನೆ ಎದೆಗೆ ಇಳಿಯುತ್ತದೆ.

ಇದನ್ನು ಹೇಳಿದಾಗ ಅವರು ಎದ್ದು ಹೋಗಿ ಆ ಕೋಣೆಯ ನೆಲವನ್ನು ಬೆರಳಿನಿಂದ ಒರೆಸಿ ನೋಡಿದರು. ಆಮೇಲೆ, “ಮೊದಲು ಖಾತ್ರಿಯಾಗಲಿ ದ್ರಾಕ್ಷಾ. ಅಮ್ಮನಿಗೆ ನಾನೇ ಹೇಳ್ತೀನಿ,” ಎಂದರು. ಅಂದೇ ಕೋಣೆಗೆ ಬೀಗ ಹಾಕಿದರು. ಕಾರ್ಖಾನೆಯ ಸ್ಟೋರಿನಲ್ಲಿ ಒಂದು ಬಾಂಡ್ಲಿಯ ತುಂಬ ಗಸಿ ಹಾಕಿ, ಅದರ ಮೇಲೆ ಕೈಯಲ್ಲಿದ್ದ ಆ ಕೀಲಿಯನ್ನೇ ಇಟ್ಟು, ಕೀಲಿಯ ಮೇಲೆ ಕಪ್ಪು ಕಾಗದದಲ್ಲಿ ಸುತ್ತಿದ ಪ್ಲೇಟು ಮಲಗಿಸಿದರು. ಪ್ಲೇಟಿನ ಮೇಲೆ ಕೀಲಿಯ ಗುರುತು ಬಂದರೆ ಗಸಿಯಲ್ಲಿ ವಿಕಿರಣ ಇದೆ. ಬಾರದಿದ್ದರೆ ನಾನು ಹೆದರಿದ್ದು ವ್ಯರ್ಥ.

ಬೀಗ ಹಾಕುವಾಗ ಕೋಣೆಯೊಳಗೆ ಒಂದು ತೊಟ್ಟಿಲಿತ್ತು. ಅದು ಬಾಳ್ಳುಪೇಟೆಯ ಕಲೀಮುಲ್ಲಾ ಸಾಹೇಬರ ಮನೆಯದು. ನಮ್ಮ ಮಣ್ಣನ್ನು ಹಾಸನದ ರೈಲಿಗೆ ಹೊರುತ್ತಿದ್ದದ್ದು ಅವರ ಲಾರಿ. ಅವರ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಉಳಿದಿದ್ದವು. ಅಂಥ ಮನೆಯ ತೊಟ್ಟಿಲನ್ನು ಚೊಚ್ಚಲ ಕೂಸಿಗೆ ಬೇಡಿ ತರುವುದು ನಮ್ಮಲ್ಲಿ ಉಂಟು. ಜಾತಿ ನೋಡುವುದಿಲ್ಲ. ಅತ್ತೆಯ ಹೊಟ್ಟೆಯಲ್ಲಿ ಉಳಿದವರು ನನ್ನ ಗಂಡನೂ ಮಂಗಳಳೂ ಮಾತ್ರ. ತೊಟ್ಟಿಲು ತಂದ ದಿನ ನನ್ನ ಗಂಡ, “ಬರಿಗೈಯಲ್ಲಿ ತಂದಿಲ್ಲ, ನಾನೂ ಏನೋ ಕಳಿಸಿದ್ದೀನಿ,” ಎಂದು ನಕ್ಕಿದ್ದರು. ಏನು ಎಂದು ನಾನು ಕೇಳಲಿಲ್ಲ.

ಪ್ಲೇಟು ತೆಗೆಯುವ ಮೊದಲೇ ಅವರು ಮಲಗಿದರು. ಕೆಮ್ಮು ಹಿಂದಿನಿಂದಲೂ ಇತ್ತು. ಡಾಕ್ಟರು ಎದೆಯ ಚಿತ್ರ ನೋಡಿ ಮಣ್ಣಿನ ಧೂಳು ಎಂದರು. ಆಮೇಲೆ ಕ್ಷಯ ಎಂದರು. ಆಮೇಲೆ ಏನೂ ಹೇಳಲಿಲ್ಲ. ಗಸಿಯಿಂದಲೇ ಹೋದರು ಎಂದು ನಾನು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ರೊಟ್ಟಿ ಮುಗಿಸಿ ಕಾರ್ಖಾನೆಗೆ ಹೊರಟೆ. ಲೆಕ್ಕ ನೋಡಬೇಕು ಎಂದು ಅತ್ತೆಗೆ ಹೇಳಿದೆ.

ತೊಟ್ಟಿಗಳ ಹತ್ತಿರ ಕೆಂಚಯ್ಯ ಇದ್ದ. ಮಣ್ಣು ಕದಡುವ ಆಳುಗಳ ಮೇಲೆ ಅವನೇ ಮೇಸ್ತ್ರಿ. ನನ್ನನ್ನು ಕಂಡು ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ತೊಟ್ಟಿಯ ನೀರು ನೋಡುತ್ತ ನಿಂತ.

“ಕೆಂಚಯ್ಯ, ಇನ್ನು ಮೇಲೆ ಗಸಿ ಯಾರಿಗೂ ಕೊಡಬೇಡ.”

“ಯಾಕ್ರವ್ವ? ಯಜಮಾನ್ರು ಇದ್ದಾಗ ಕೇಳಿದೋರ್ಗೆಲ್ಲ ಕೊಟ್ಟವ್ರೆ. ಬಾಳ್ಳುಪೇಟೆ ಗಂಟ ಹೋಗೈತೆ.”

“ಅದು ಮೈಗೆ ಒಳ್ಳೆಯದಲ್ಲ. ನಿನ್ನ ಮನೆಯ ನೆಲವನ್ನೂ ಅಗೆಸಿಬಿಡು.”

ಅವನಿಗೆ ನಗು ಬಂತು. ಸಾವಾದ ಮನೆಯವಳ ಎದುರು ನಗಬಾರದೆಂದು ತಡೆದುಕೊಂಡ.

“ನಮ್ಮ ಕೂಲಿ ಲೈನಿನಾಗೆ ಆ ನೆಲದ ಮ್ಯಾಲೆ ಮುಖ ನೋಡ್ಕಂಡು ತಲೆ ಬಾಚ್ಕೋತಾರೆ ಕಣ್ರವ್ವ. ಅದನ್ನ ಅಗೆದ್ರೆ ನನ್ನ ಹೆಂಡ್ತಿ ನನ್ನ ಅಗೆದು ಹೂಳ್ತಾಳೆ.” ಆಮೇಲೆ ಒಂದೆರಡು ಸಲ ಕೆಮ್ಮಿದ. ಅಲ್ಲಿ ಎಲ್ಲರೂ ಕೆಮ್ಮುತ್ತಾರೆ. ಮಣ್ಣಿನ ಕೆಲಸ.

ಸ್ಟೋರಿನೊಳಗೆ ಬಾಂಡ್ಲಿ ಇಟ್ಟಲ್ಲೇ ಇತ್ತು. ಪ್ಲೇಟಿನ ಕಾಗದ ಬಿಚ್ಚಲಿಲ್ಲ. ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಮಣ್ಣು ತುಂಬಲು ಕಲೀಮುಲ್ಲಾ ಸಾಹೇಬರ ಲಾರಿ ಬಂದಾಗ, ಸಕಲೇಶಪುರದ ಸ್ಟುಡಿಯೋದಲ್ಲಿ ತೊಳೆಸಿ ತರಬೇಕೆಂದು ಪ್ಲೇಟನ್ನು ಅವರ ಕೈಗೆ ಕೊಟ್ಟೆ. ಬಿಸಿಲಿಗೆ ತೆರೆಯಬೇಡಿ ಎಂದೆ.

“ಪಾಲಾಕ್ಷಪ್ಪನವರ ಫೋಟೋನಾ ಅಮ್ಮಾ?” ಎಂದರು ಮೆಲ್ಲಗೆ.

“ಅವರು ಇಟ್ಟದ್ದು,” ಎಂದೆ.

ಸಾಹೇಬರು ಪ್ಲೇಟು ತಂದ ದಿನ ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು.

“ಸ್ಟುಡಿಯೋದವ್ನು ನಗ್ತಾನೆ ಕಣಮ್ಮಾ. ಗಂಡು ಹೆಣ್ಣಿನ ಫೋಟೋ ತೆಗೆಸ್ತಾರೆ, ಎತ್ತಿನ ಫೋಟೋ ತೆಗೆಸ್ತಾರೆ, ಕೀಲಿಗೆ ಯಾರು ಮಾರಾಯ ಫೋಟೋ ತೆಗೆಸೋದು ಅಂತ.”

ಅತ್ತೆಯ ಕೈ ನಿಂತಿತು. “ಎಂಥ ಕೀಲಿ?”

ಕಾಗದ ಬಿಚ್ಚಿದೆ. ಗಾಜು ಹೊಗೆ ಹಿಡಿದಂತೆ ಕಪ್ಪಗಿತ್ತು. ನಡುವೆ ಕೀಲಿಯಷ್ಟು ಜಾಗ ಮಾತ್ರ ತಿಳಿಯಾಗಿತ್ತು. ಉಂಗುರ, ಕಾಂಡ, ಮೂರು ಹಲ್ಲು. ಎತ್ತಿ ಹಿಡಿದರೆ ಆ ಕೀಲಿಯೊಳಗಿಂದ ಅಂಗಳದ ಬಿಸಿಲು ಕಾಣುತ್ತಿತ್ತು.

ನಾನು ಹೆದರಿದ್ದೇ ನಿಜವಾಗಿತ್ತು. ಆದರೂ, ಇನ್ನು ವಾದ ಬೇಕಿಲ್ಲ, ಕಣ್ಣಿಗೆ ಕಾಣುವಂಥದು ಸಿಕ್ಕಿತು ಎಂದುಕೊಂಡೆ. ಅತ್ತೆಯ ಪಕ್ಕ ಕುಳಿತು ಹೇಳಿದೆ. ಗಸಿಯಲ್ಲಿ ಒಂದು ಶಕ್ತಿ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ, ಕಪ್ಪು ಕಾಗದ ದಾಟಿ ಬಂದು ಗಾಜನ್ನು ಸುಟ್ಟಿದೆ, ಕಬ್ಬಿಣ ಅಡ್ಡ ಇದ್ದ ಕಡೆ ಮಾತ್ರ ಸುಟ್ಟಿಲ್ಲ.

“ಇದು ಬೆಳಕಿಲ್ದೆ ಬಂದ ಚಿತ್ರ?” ಎಂದರು ಅತ್ತೆ.

“ಹೌದು ಅತ್ತೆ.”

“ಯಾರೂ ಕ್ಯಾಮ್ರ ಹಿಡೀಲಿಲ್ಲ?”

“ಇಲ್ಲ. ತಾನಾಗೇ ಬಂತು.”

“ಗಾಜು ಮಡಗಿದೋನು ಯಾರು?”

“ಅವರೇ.”

“ಅವ್ನು ಹಾಸ್ಗೆ ಮ್ಯಾಲೆ ಇದ್ದಾಗ, ಅವ್ನು ಹೋದ್ಮೇಲೆ, ಆವಾಗೆಲ್ಲ ಇದು ಮೂಡ್ತಾ ಇತ್ತು?”

“ಹೌದು,” ಎಂದೆ. ನಿಜ ಅದೇ ಆಗಿತ್ತು.

ಅತ್ತೆ ಹುಣಸೆಯ ಕೈ ಸೆರಗಿಗೆ ಒರೆಸಿಕೊಂಡು ಪ್ಲೇಟನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಬಿಸಿಲಿಗೆ ಹಿಡಿದು ನೋಡುತ್ತಾ ನೋಡುತ್ತಾ ಅವರ ಬಾಯಿ ಅದುರತೊಡಗಿತು. ತಮ್ಮ ಗಂಡ ಹೋದಾಗಲೂ ಮಗ ಹೋದಾಗಲೂ ಅವರು ನನ್ನೆದುರು ಅತ್ತಿರಲಿಲ್ಲ.

“ನಾನು ಮನೆಯೆಲ್ಲಾ ಹುಡುಕ್ತಿದ್ದೆ ಕಣಪ್ಪ ಈ ಕೀಲಿಯ,” ಎಂದರು, ಗಾಜಿಗೆ. “ತಂಗಿ ಬರ್ತಾವ್ಳೆ, ಕೋಣೆ ತೆಗೀರಿ ಅಂತ ತೋರ್ಸಿದ್ಯಾ ನನ್ನಪ್ಪ?”

“ಅತ್ತೆ, ಹಾಗಲ್ಲ. ಆ ಕೋಣೆ ಬೇಡ ಅನ್ನೋದಕ್ಕೇ ಅವರು...”

“ಸುಮ್ಕಿರೇ! ನೀನೇ ಹೇಳ್ದಲ್ಲ, ತಾನಾಗೇ ಬಂತು ಅಂತ. ಎಲ್ಲೈತೆ ಕೀಲಿ?”

ಕಲೀಮುಲ್ಲಾ ಸಾಹೇಬರು ಟೋಪಿ ಸರಿಪಡಿಸಿಕೊಂಡು ಅಂಗಳದ ಕಡೆ ತಿರುಗಿ ನಿಂತರು. ನಾನು ಸೆರಗಿನ ಗಂಟು ಬಿಚ್ಚಿದೆ. ಬೇರೆ ಏನು ಮಾಡಬಹುದಿತ್ತೋ ಗೊತ್ತಿಲ್ಲ.

ಸಂಜೆ ಪ್ಲೇಟು ದೇವರ ಗೂಡಿನಲ್ಲಿತ್ತು. ಅದರ ಮೇಲೆ ಅತ್ತೆಯ ಮೂರು ಬೆರಳಿನ ವಿಭೂತಿ.

ಕೋಣೆ ತೆರೆಯಿತು. ಸೆಗಣಿ ಹಾಕಿ ಸಾರಿಸಿದರು. ಸೂಲಗಿತ್ತಿ ದೇವೀರಮ್ಮ ಬಂದು ಕಿಟಕಿಗೆ ಹಳೆಯ ಸೀರೆಯ ಚೂರುಗಳನ್ನು ತುರುಕಿ, ಒಳಗೆ ನಿಂತು ಬಾಗಿಲು ಮುಚ್ಚಿ ನೋಡಿದಳು. “ಒಂದ್ ಎಳೆ ಬೆಳಕು ಬರಕ್ಕಿಲ್ಲ ಕಣ್ ಗುರುಶಾಂತವ್ವ. ಇಂಥ ಬೆಚ್ಚನೆ ಕೋಣೆ ಅರಮನೇಲೂ ಇರಕ್ಕಿಲ್ಲ,” ಎಂದಳು. ಅತ್ತೆ ಹಿಗ್ಗಿದರು. ಮಗ ಹೋದ ಮೇಲೆ ಅವರ ಮುಖದಲ್ಲಿ ಅದೇ ಮೊದಲು.

ಇನ್ನೊಂದು ಸಲ ಹೇಳಿದೆ. ಆ ಕೋಣೆಯಲ್ಲಿ ಕೂಸನ್ನು ಮಲಗಿಸಬೇಡಿ, ನಡುಮನೆಯಲ್ಲಿ ಮಲಗಿಸಿ, ನಾನೇ ಎಲ್ಲ ನೋಡಿಕೊಳ್ಳುತ್ತೇನೆ ಎಂದೆ.

“ಗಂಡನ್ನ ಕಳ್ಕಂಡ ಬಾಯಾಗೆ ಕೂಸಿನ ಸುದ್ದಿ ಆಡ್ಬ್ಯಾಡ,” ಎಂದರು ಅತ್ತೆ. ಕೂಗಲಿಲ್ಲ. ಬೇಡಿಕೊಂಡಂತೆ ಹೇಳಿದರು.

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದ ಅಯ್ಯನವರು ಗಣಾರಾಧನೆಯ ದಿನ ಹೇಳಿ ಹೋಗಿದ್ದರು. ಅತ್ತೆ ಕೈಮುಗಿದು ಕೇಳಿದ್ದರು. ಆದರೂ ಅರಿಸಿನದ ಬಟ್ಟಲನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಮಂಗಳಳಿಗೆ ತಂದ ಹೊಸ ಸೀರೆಯನ್ನು ನಾನು ಮಡಿಸಿದೆನೆಂದು ಅದನ್ನು ಮತ್ತೆ ನೀರಿಗೆ ಹಾಕಿದರು. ಒಗೆದ ಸೀರೆ ಹಗ್ಗದ ಮೇಲೆ ಒಣಗುವುದನ್ನು ನಾನು ನೋಡುತ್ತಾ ನಿಂತೆ. ಕಾಲೇಜಿನಲ್ಲಿ ಕಲಿತದ್ದು ಕೆಲಸಕ್ಕೆ ಬಂದಿರಲಿಲ್ಲ. ಈ ಮೈಲಿಗೆ ಬರಬಹುದು ಅನ್ನಿಸಿತು.

ಮಂಗಳ ಬರುವ ಹಿಂದಿನ ದಿನ ಮಧ್ಯಾಹ್ನ ಅತ್ತೆಯೂ ದೇವೀರಮ್ಮನೂ ಹಿತ್ತಲಲ್ಲಿ ಬಾಣಂತಿ ಖಾರಕ್ಕೆ ಮೆಣಸು ಹುರಿಯುತ್ತಿದ್ದರು. ನಾನು ನನ್ನ ಚಾಪೆ, ದಿಂಬು, ಉಡುವ ಎರಡು ಸೀರೆ ತೆಗೆದುಕೊಂಡು ಅವರ ಮುಂದೆಯೇ ಆ ಕೋಣೆಗೆ ಹೋದೆ. ತೊಟ್ಟಿಲ ಕೆಳಗೆ ಚಾಪೆ ಹಾಸಿ ಮಲಗಿದೆ. ನೆಲ ತಣ್ಣಗಿತ್ತು, ಬಹಳ ನುಣುಪಾಗಿತ್ತು.

ಮೊದಲು ದೇವೀರಮ್ಮ ಬಂದಳು. ಹೊಸ್ತಿಲ ಆಚೆಯೇ ನಿಂತಳು. “ಅಯ್ಯಯ್ಯೋ, ಇದೇನ್ ತಾಯಿ!”

ಅತ್ತೆ ಸೌಟು ಹಿಡಿದೇ ಬಂದರು.

“ಏಳೇ. ಏಳೇ ಮೇಲೆ! ಬಾಣಂತಿ ಕೋಣೇಲಿ ಬಂದು ಬಿದ್ದಿದ್ದೀಯಲ್ಲೇ ಮುಂಡೆ!”

ಆ ಮಾತನ್ನು ಅವರು ನನಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಸೌಟನ್ನು ಕೆಳಗಿಳಿಸಿದರು.

“ನಾನು ಇಲ್ಲೇ ಮಲಗ್ತೀನಿ ಅತ್ತೆ. ಇವತ್ತೂ, ನಾಳೆಯೂ.”

“ನಿನ್ ಮಡ್ಲಲ್ಲಿ ಕೂಸಿಲ್ಲ ಅಂತ ನನ್ ಮಗಳ ಕೂಸಿನ ಮ್ಯಾಲೆ ಹೊಟ್ಟೆಕಿಚ್ಚೇನೇ? ಏಳು ಅಂದ್ನಲ್ಲ!”

ನಾನು ಏಳಲಿಲ್ಲ. ಒಳಗೆ ಬಂದು ಎಬ್ಬಿಸಲು ಅವರಿಬ್ಬರಿಗೂ ಮನಸ್ಸಾಗಲಿಲ್ಲ. ಮೆಣಸು ಹೊತ್ತಿಕೊಂಡ ವಾಸನೆ ಬಂತು. ಮೂವರೂ ಕೆಮ್ಮಿದೆವು.

ಕೊನೆಗೆ ದೇವೀರಮ್ಮ, “ಗುರುಶಾಂತವ್ವ, ಈ ಕೋಣೆ ಇನ್ನಾಗಕ್ಕಿಲ್ಲ ಬುಡು. ಅಲ್ಲೇ ಯಸಳೂರಾಗೇ ಹೆರಲಿ. ನಾನೇ ಹೋಗಿ ಬತ್ತೀನಿ,” ಎಂದಳು. ಅತ್ತೆ ಹೊಸ್ತಿಲ ಆಚೆ ಕುಸಿದು ಕುಳಿತರು. ಅವರು ಎದ್ದು ಹೋಗುವವರೆಗೂ ನಾನು ಮೇಲೆ ತೊಟ್ಟಿಲಿನ ತಳ ನೋಡುತ್ತಿದ್ದೆ. ಹಳೆಯ ಬೀಟೆ ಮರ. ಯಾರದೋ ಮಗು ಹಲ್ಲು ಬರುವಾಗ ಕಚ್ಚಿದ ಗುರುತು ಅಂಚಿನಲ್ಲಿತ್ತು.

ಮಂಗಳ ಯಸಳೂರಿನಲ್ಲೇ ಹೆತ್ತಳು. ಹೆಣ್ಣು ಕೂಸು. ಚೆನ್ನಾಗಿದೆಯಂತೆ. ಅತ್ತೆ ನೋಡಿ ಬಂದರು, ನನ್ನನ್ನು ಕರೆಯಲಿಲ್ಲ. ಬಂದ ಮೇಲೆ ದೇವರ ಗೂಡಿನ ಮುಂದೆ ಕುಳಿತು, ಕೂಸು ಯಾರ ಹೋಲಿಕೆ ಎಂಬುದನ್ನು ಗಾಜಿಗೆ ಹೇಳಿದರು. ನಾನು ಅಡಿಗೆ ಮನೆಯಿಂದ ಕೇಳಿಸಿಕೊಂಡೆ.

ಈಗಲೂ ಆ ಕೋಣೆಯಲ್ಲೇ ಮಲಗುತ್ತೇನೆ. ಕಿಟಕಿಯ ಬಟ್ಟೆ ಕಿತ್ತಿದ್ದೇನೆ, ಬಾಗಿಲು ತೆರೆದಿರುತ್ತದೆ. ನಾನು ಬಿಟ್ಟರೆ ಅಯ್ಯನವರನ್ನು ಕರೆಸಿ, ಪಾದೋದಕ ಚಿಮುಕಿಸಿ, ಕೋಣೆಯನ್ನು ಮತ್ತೆ ಮಂಗಳಳ ಮುಂದಿನ ಹೆರಿಗೆಗೆ ಇಡುತ್ತಾರೆ. ಅತ್ತೆ ಅದಕ್ಕೆ ಕಾಯುತ್ತಿದ್ದಾರೆ. ಬೆಳಿಗ್ಗೆ ಎದ್ದಾಗ ಗಂಟಲು ಒಣಗಿರುತ್ತದೆ. ಅದಕ್ಕೆ ಬೇರೆ ಕಾರಣವೂ ಇರಬಹುದು.

ತೊಟ್ಟಿಲು ಉಳಿಯಿತು. ಬೇಡಿ ತಂದ ತೊಟ್ಟಿಲನ್ನು ಕೂಸು ಮಲಗದೆ ಹಿಂದಕ್ಕೆ ಕೊಡುವುದು ಕೆಟ್ಟದ್ದು. ಮನೆಯಲ್ಲಿ ಅದನ್ನು ಮುಟ್ಟುವವರು ಇರಲಿಲ್ಲ. ತಂದವರು ಇಲ್ಲ. ನಾನೇ ಸರಪಳಿ ಬಿಚ್ಚಿ, ತೊಳೆದು, ಬರಿದಾಗಿ ಕೊಡಬಾರದೆಂದು ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಒಳಗಿಟ್ಟು ಕಲೀಮುಲ್ಲಾ ಸಾಹೇಬರ ಲಾರಿಯಲ್ಲಿ ಕುಳಿತೆ. ಅವರು ದಾರಿಯುದ್ದಕ್ಕೂ ಲಾರಿಯ ಬಗ್ಗೆ, ಹೆದ್ದಾರಿಯ ಗುಂಡಿಗಳ ಬಗ್ಗೆ ಮಾತಾಡಿದರು. ಉಳಿದದ್ದನ್ನು ಮಾತಾಡದಿರಲು ಎಂದು ನನಗೆ ಗೊತ್ತಾಗುತ್ತಿತ್ತು.

ಬಾಳ್ಳುಪೇಟೆಯಲ್ಲಿ ಅವರ ಮನೆ ರಸ್ತೆಯಿಂದ ಒಳಗೆ. ಲಾರಿಯ ಸದ್ದಿಗೆ ಅವರ ಹೆಂಡತಿ ಹಾಜಿರಾ ಬೀ ಹೊರಗೆ ಬಂದರು. ನಾನು ತೊಟ್ಟಿಲು ಹಿಡಿದು ಬಾಗಿಲ ಬಳಿ ನಿಂತೆ. ನಮ್ಮ ಊರಿನಲ್ಲಿ ಈಗ ನನಗೆ ಹಾಗೆ ನಿಲ್ಲುವುದು ರೂಢಿಯಾಗಿದೆ.

“ಹೊರಗ್ಯಾಕ್ ನಿಂತೆ ಮಗಳೇ? ಬಾ, ಒಳಗ್ ಬಾ,” ಎಂದು ಕೈ ಹಿಡಿದು ಎಳೆದರು.

“ನಾನು ಬರಬಾರದು ಹಾಜಿರಮ್ಮ. ಇದು ತೊಟ್ಟಿಲು.”

“ಯಾರ್ ಹೇಳಿದ್ದು ಬರಬಾರ್ದು ಅಂತ? ಕೂಸಿನ ತೊಟ್ಲು ಗಂಡ ಇದಾನೋ ಇಲ್ವೋ ಅಂತ ಕೇಳ್ತದಾ? ಸರಿಯಾದ್ ಹೊತ್ತಿಗೇ ತಂದಿದ್ದೀ. ನಮ್ಮ ಶಹರ್ ಬಾನು ಬಂದವ್ಳೆ. ಈ ತಿಂಗಳೋ ಬರೋ ತಿಂಗಳೋ. ನೀನೇ ನಿನ್ನ ಕೈಯಾರೆ ಕಟ್ಟು.”

ಒಳಬಾಗಿಲಲ್ಲಿ ಶಹರ್ ಬಾನು ನಿಂತಿದ್ದಳು. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬರಿಗಾಲಿನಲ್ಲಿ. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ.

ಅಂಗಾಲಿಗೆ ಗೊತ್ತಾಯಿತು. ಆ ತಂಪು, ಆ ನುಣುಪು. ಕೆಳಗೆ ನೋಡಿದೆ. ಕಂದು ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ತೊಟ್ಟಿಲು ಹಿಡಿದ ನನ್ನ ನೆರಳು ಅದರಲ್ಲಿತ್ತು.

“ನೋಡ್ದ್ಯಾ?” ಎಂದರು ಹಾಜಿರಾ ಬೀ. “ತೊಟ್ಲು ತಗೊಂಡೋದ್ ದಿನಾನೇ ನಿಮ್ಮ ಯಜಮಾನ್ರು ಒಂದ್ ಲಾರಿ ಕಳ್ಸಿದ್ರು. ಬಾಣಂತಿ ಮಲಗೋ ಕೋಣೆಗೂ ಅದೇ ಹಾಕ್ಸಿದೀವಿ. ಎಂಥಾ ಮನುಷ್ಯ. ಅಲ್ಲಾ ಅವರಿಗೆ ಜನ್ನತ್ ಕೊಡಲಿ.”

ತೊಲೆಯ ಕೊಂಡಿಗಳು ನನ್ನ ತಲೆಯ ಮೇಲೆಯೇ ಇದ್ದವು. ಶಹರ್ ಬಾನು ಸ್ಟೂಲು ತಂದಿಟ್ಟಳು. ಇಲ್ಲಿ ನಾನು ಮಲಗಿದರೆ ಇವರು ಹೊದಿಕೆ ತಂದು ಹೊದಿಸುತ್ತಾರೆ.

ತೊಟ್ಟಿಲನ್ನು ಎತ್ತಿ ಶಹರ್ ಬಾನುವಿನ ಎರಡು ಕೈಗೂ ಕೊಟ್ಟೆ. ತೆಂಗಿನಕಾಯಿ ಒಂದು ಕಡೆಗೆ ಉರುಳಿತು. ಸರಪಳಿ ಮಾತ್ರ ಬಿಡಲಿಲ್ಲ.

“ಕಟ್ಟುವುದಕ್ಕೆ ಮೊದಲು, ಹಾಜಿರಮ್ಮ,” ಎಂದೆ, “ಹೊರಗೆ ಜಗಲಿಗೆ ಬನ್ನಿ. ಸಾಹೇಬರನ್ನೂ ಕರೆಯಿರಿ. ಅವರು ತಂದುಕೊಟ್ಟ ಕೀಲಿಯ ಫೋಟೋ ಏನೆಂದು ನಾನು ಇನ್ನೂ ಅವರಿಗೆ ಬಿಡಿಸಿ ಹೇಳಿಲ್ಲ.”